ತಾಮ್ರದ ಲೆಕ್ಕ

ರೂವಿಯ ನಾಲ್ಕನೇ ಮಹಡಿಯಿಂದ ದೂರು ಬಂದದ್ದು
ಏಸಿ ತಂಪಾಗುತ್ತಿಲ್ಲ ಎಂದಲ್ಲ,
ಏಸಿಯ ನೀರು ಗಿಡ ಕೊಲ್ಲುತ್ತಿದೆ ಎಂದು.

ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ಗ್ಯಾಸು ತುಂಬಿದವನು ನಾನು,
ಇಂಥದ್ದು ಕೇಳಿರಲಿಲ್ಲ.
ಹಿಲ್ಡಾ ಲಸ್ರಾದೊ ಬಾಲ್ಕನಿಯ ಬಾಗಿಲು ಸರಿಸಿದರು:
ಎಪ್ಪತ್ತು ಕುಂಡ, ನಡುವೆ ಒಂದು ಪಾದದಷ್ಟು ದಾರಿ.
ಒಂದಕ್ಕೆ ಹುಲಿಪಟ್ಟೆ, ಒಂದರ ಮೇಲೆ ಕುಂಕುಮ ಚೆಲ್ಲಿದ ಹಾಗೆ,
ಎಲೆಗೆ ಎಲೆ ಸುತ್ತಿ ನಡುವೆ ಬಟ್ಟಲು,
ಬಟ್ಟಲಲ್ಲಿ ನೀರು, ನೀರಲ್ಲಿ ನನ್ನ ಮೂಗು.

‘ಬ್ರೊಮಿಲಿಯಾಡ್’ ಅಂದರು. ಸುಮ್ಮನೆ ತಲೆಯಾಡಿಸಿದೆ.
‘ಅನಾನಸಿನ ದಾಯಾದಿ’ ಅಂದರು.
ಎಲೆಯಂಚು ಮೊಣಕೈ ಗೀರಿ
ಅದೇ ಮಾತನ್ನು ಇನ್ನೊಮ್ಮೆ ಹೇಳಿತು.

ನಲ್ಲಿ ನೀರಿಗೆ ಎಲೆಯೆಲ್ಲ ಬಿಳಿ ಕಲೆ.
ಅದಕ್ಕೇ ಏಸಿಯ ಹನಿ ಹಿಡಿದು ಕುಡಿಸುತ್ತಿದ್ದರಂತೆ,
ಬಕೀಟು ತುಂಬಿತೋ ಎಂದು ರಾತ್ರಿ ಎರಡು ಸಲ ಎದ್ದು.
ಒಂದೊಂದೇ ನಡುವಿನಿಂದ ಕಪ್ಪಾಗಿ ಕೂತವು.
ಮುಚ್ಚಳ ಬಿಚ್ಚಿ ಟಾರ್ಚು ಹಾಕಿದೆ.
ತಾಮ್ರ. ಹಸಿರು ಕಟ್ಟಿದ ತಾಮ್ರ.
‘ಇದೇ’ ಅಂದೆ, ಏನೂ ಗೊತ್ತಿಲ್ಲದೆ.
‘ಅದೇ’ ಅಂದರು, ಪುಸ್ತಕ ತೆರೆದು.

ನನ್ನಜ್ಜಿ ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ನೀರಿಟ್ಟು
ಬರಿಹೊಟ್ಟೆಗೆ ಕುಡಿಸಿ ಬೆಳೆಸಿದ್ದು ನಮ್ಮನ್ನು.
ಹೇಳಿದೆ. ‘ನೀವು ಅನಾನಸಲ್ಲವಲ್ಲ’ ಅಂದರು.
ಕೊಳೆತ ಕೊಳವೆ ಕತ್ತರಿಸಿ ಹೊಸದು ಬೆಸೆದು
ಹೊರಡುವ ಹೊತ್ತಿಗೆ ನಾನೂ ಸಂಘದ ಸದಸ್ಯ.

ವರ್ಷಕ್ಕೆ ಐದು ರಿಯಾಲು. ತಿಂಗಳ ಮೊದಲ ಶುಕ್ರವಾರ, ಅಸರ್ ಆದ ಮೇಲೆ.
ಅಧ್ಯಕ್ಷೆ ಸುಆದ್ ಅಲ್ ಹಾರ್ಥಿ, ಕಸ್ಟಮ್ಸಿನ ಗತ್ತು,
ಮರಿ ಕೀಳುವುದಕ್ಕೆ ಅಡುಗೆಮನೆಯ ಬ್ರೆಡ್ಡು ಚಾಕು.
ಹಲ್ಲಿನ ಕ್ಲಿನಿಕ್ಕಿನ ರೊವೆನಾ, ಹಳೆಯ ಬ್ರಶ್ಶಿನಿಂದ ಎಲೆ ತಿಕ್ಕುವವಳು.
ಮತ್ರಾದಲ್ಲಿ ತಾಮ್ರದ ಪಾತ್ರೆ ಮಾರುವ ಮೊಯಿದಿನಬ್ಬ:
ಆ ಸಲ ಅವರು ನನ್ನ ಮುಖ ನೋಡಲಿಲ್ಲ.

ಹೂ ಬಿಡಲೊಲ್ಲದ ಗಿಡವನ್ನು ಚೀಲದೊಳಗೆ ಹಾಕಿ
ಜೊತೆಗೊಂದು ಕಳಿತ ಸೇಬು ಇಟ್ಟು
ಹತ್ತು ದಿನ ಬಾಯಿ ಕಟ್ಟಬೇಕಂತೆ.
‘ಹಿಂದಿನ ಕಾಲದ ಮದುವೆ’ ಅಂದರು ಮೊಯಿದಿನಬ್ಬ,
ನಕ್ಕಿದ್ದಕ್ಕೆ ನನ್ನ ತಪ್ಪೂ ಮಾಫಿ ಆಯಿತು.

ಒಮ್ಮೆ ಪತ್ರಿಕೆಯ ಹುಡುಗನೊಬ್ಬ ಬಂದು ಕೇಳಿದ,
‘ಬೇರಿಲ್ಲದೆ ಗಾಳಿಯಲ್ಲೇ ಬದುಕುತ್ತವೆ, ನಿಮ್ಮ ಹಾಗೇ ಅಲ್ಲವೇ?’
ನಾವೆಲ್ಲ ಬಿಸ್ಕತ್ತಿನ ತಟ್ಟೆ ನೋಡಿದೆವು.
ರೊವೆನಾ ಒಂದನ್ನು ಬೋರಲು ಹಿಡಿದಳು:
‘ಇದೆ ಬೇರು. ಕುಡಿಯುವುದಕ್ಕಲ್ಲ, ಹಿಡಿದುಕೊಳ್ಳುವುದಕ್ಕೆ.’
ಅವನು ಬರೆದುಕೊಳ್ಳಲಿಲ್ಲ.

ನೀರು ಬದಲಿಸಿ ನಾಲ್ಕು ತಿಂಗಳು, ಉಳಿದವೆಲ್ಲ ಚಿಗುರಿದವು,
ಹುಲಿಪಟ್ಟೆಯದೊಂದು ಮಾತ್ರ ಕಪ್ಪಾಗುತ್ತಲೇ ಹೋಯಿತು.
ಎರಡು ಸಭೆ ಅದೇ ಚರ್ಚೆ.
ಬಿಸಿಲು ಎಂದರು ಸುಆದ್. ದೃಷ್ಟಿ ಎಂದರು ಮೊಯಿದಿನಬ್ಬ.
ನಾನು ಕೊಳವೆ ಬಲ್ಲವನ ಗಾಂಭೀರ್ಯದಲ್ಲಿ
ಬೇರು ಕೊಳೆತಿರಬೇಕು ಅಂದೆ.

ಆಮೇಲೆ ಸೊಳ್ಳೆ ಹುಡುಕುತ್ತ ಬಲದಿಯಾದವನು ಬಂದ.
ಬಟ್ಟಲು ಬಟ್ಟಲಿಗೂ ಬಗ್ಗಿ, ಪಿಚಕಾರಿಯಲ್ಲಿ ಎಳೆದು,
ಮೂರು ಹುಳು ತೋರಿಸಿ, ಸಂಜೆಯೊಳಗೆ ಖಾಲಿ ಎಂದ.
ಎಪ್ಪತ್ತನ್ನೂ ಬಚ್ಚಲಿಗೆ ಹೊತ್ತು ಬೋರಲು ಹಾಕಿದೆವು.

ನನ್ನ ಕೈಗೆ ಹುಲಿಪಟ್ಟೆ ಬಂತು.
ಕೊಳೆತ ನೀರು ಜಾರಿ, ಅದರ ಹಿಂದೆಯೇ
ಟಿಣ್ ಎಂದಿತು.
ಉಗುರಿನಷ್ಟು ಕೊಳವೆ ತುಂಡು. ಓರೆ ಕತ್ತರಿ ಗುರುತು.
ಓರೆಯಾಗಿ ಕತ್ತರಿಸುವವನು ನಾನೇ,
ಇಪ್ಪತ್ತೆರಡು ವರ್ಷದಿಂದ.

ಕಾಲಲ್ಲಿ ಮುಚ್ಚಿದೆ. ಆಮೇಲೆ ಜೇಬಿಗೆ.
ಸಭೆಯ ಪುಸ್ತಕದಲ್ಲಿ ಬರೆದಿದೆ: ಕಾರಣ ತಿಳಿಯಲಿಲ್ಲ.

ಸತ್ತ ತಾಯಿಯ ಬುಡದಲ್ಲಿ ಒಂದು ಮರಿ ಇತ್ತು.
ಹಿಲ್ಡಾ ಬ್ರೆಡ್ಡು ಚಾಕುವಿನಿಂದ ಬಿಡಿಸಿ
‘ನೀವಿಲ್ಲದಿದ್ದರೆ ಒಂದೂ ಉಳಿಯುತ್ತಿರಲಿಲ್ಲ’ ಎಂದು
ಎರಡೂ ಕೈಯಲ್ಲಿ ಕೊಟ್ಟರು.

ವಾದಿ ಕಬೀರಿನ ಎಂಟು ಜನರ ಕೋಣೆಯಲ್ಲಿ,
ಕಿಟಕಿಯಂಚಲ್ಲಿ, ಇದೆ ಈಗಲೂ.
ಸಾಲಾ ಹೇಳುತ್ತಾನೆ, ನಾವು ನಲ್ಲಿ ನೀರು ಕುಡಿಯುವುದು,
ನಿನ್ನ ಅನಾನಸಿಗೆ ನೂರು ಬೈಸಾದ ಬಾಟಲಿ.
ಹೌದು ಅನ್ನುತ್ತೇನೆ.
ಸುರಿಯುವ ಮೊದಲು ದಿನವೂ
ಜೇಬು ತಟ್ಟಿ ನೋಡಿಕೊಳ್ಳುತ್ತೇನೆ.