ಬಿಟ್ಟ ಎಲೆ

ಎಲೆ ಹಂಚುವುದು ನನ್ನ ಕಸುಬು.
ಹತ್ತೊಂಬತ್ತು ವರ್ಷದಿಂದ ಎಲ್ಕೋ ಊರಿನ ಈ ಹಸಿರು ಮೇಜಿಗೆ
ಹೊಟ್ಟೆ ಆನಿಸಿ ಕೂತಿದ್ದೇನೆ.
ಬಲ ಹೆಬ್ಬೆಟ್ಟಿನ ಗೆಣ್ಣು ಸವೆದಿದೆ;
ಊರಿಗೆ ಚಳಿ ಬಂದರೆ ಮೊದಲು ಅದಕ್ಕೇ ಗೊತ್ತಾಗುತ್ತದೆ.

ಮೈಟೆ ಇರಿಬಾರ್ನೆ ಮೊದಲ ಸಲ ಬಂದದ್ದು
ಚಿನ್ನದ ಗಣಿಯ ಬೂಟಿನಲ್ಲೇ, ಬಿಳಿ ಧೂಳಿನ ಸಮೇತ.
ಮನೆಯೆತ್ತರದ ಲಾರಿ ಓಡಿಸುವ ಕೈ
ಎರಡು ಎಲೆ ಎತ್ತಿ ನೋಡುವಾಗ ನಡುಗುತ್ತಿತ್ತು.
ಅಜ್ಜ ಬಾಸ್ಕ್ ಸೀಮೆಯಿಂದ ಕುರಿ ಕಾಯಲು ಬಂದವನಂತೆ.
ಅವನ ಆಟದಲ್ಲಿ ಜೊತೆಗಾರನಿಗೆ ಸನ್ನೆ ಮಾಡಬಹುದಂತೆ,
ರಾಜ ಬಂದರೆ ತುಟಿ ಕಚ್ಚಬಹುದಂತೆ.
"ಇಲ್ಲಿ ಯಾರಿಗೆ ತುಟಿ ಕಚ್ಚಲಿ?" ಎಂದು ಕೇಳಿದಳು.
ಇಲ್ಲಿ ಜೊತೆಗಾರ ಇಲ್ಲ ಅಂದೆ.
ಇಪ್ಪತ್ತು ನಿಮಿಷಕ್ಕೆ ಎಂಬತ್ತು ಡಾಲರ್ ಹೋಯಿತು.

ಆ ರಾತ್ರಿ ಬಂದ ಎಲೆಗೆಲ್ಲ ಆಸೆಪಟ್ಟಳು.
ಕಳಾವರ್ ಏಳು, ಡೈಮನ್ ಎರಡು,
ಅದಕ್ಕೂ ಹಣ ಹಾಕಿದಳು,
ಏನು ಬರುತ್ತೋ ನೋಡೋಣ ಅಂತ.
ಬರೀ ನೋಡುವುದಕ್ಕೆ ಕಾಸು ಕೊಡುವವರಿಂದಲೇ
ಈ ಬೀದಿಯ ಅರ್ಧ ದೀಪ ಉರಿಯುವುದು.

ಮೂರನೇ ತಿಂಗಳು ಒಂದು ಪುಸ್ತಕ ಬಂತು,
ಡೀಸೆಲ್ ಲೆಕ್ಕ ಬರೆಯುವ ಕಂಪನಿಯದ್ದು, ಹಳದಿ ರಟ್ಟು.
ತಾರೀಖು, ಗಂಟೆ, ತಂದದ್ದು, ಒಯ್ದದ್ದು.
ಕೊನೆಗೊಂದು ಮನೆ: ಯಾಕೆ?
ಅವಳು ಸಿಗರೇಟಿಗೆ ಎದ್ದಾಗ ತೆರೆದೇ ಇರುತ್ತಿತ್ತು, ಓದಿದೆ.
ಮೊದಲ ಪುಟಗಳ ತುಂಬ ಗ್ರಹಚಾರ,
ಗ್ರಹಚಾರ, ಹಾಳು ಗ್ರಹಚಾರ.
ಜೂನ್ ಹೊತ್ತಿಗೆ: ಸಿಟ್ಟು ಬಂದಿತ್ತು.
ಆಗಲೇ ಎದ್ದು ಹೋಗಬೇಕಿತ್ತು.
ಡುವೇನ್ ನಕ್ಕ ಅಂತ ಆಡಿದೆ.
ಒಂದು ಕಡೆ ಪೆನ್ಸಿಲ್ಲಿನಲ್ಲಿ:
ಸರಿಯಾಗಿ ಆಡಿದೆ. ಸೋತೆ. ಸರಿ.
ಆ ಕೊನೆಯ ಸರಿಯ ಮೇಲೆ ಕಾಫಿಯ ಕಲೆ.

ಅಕ್ಟೋಬರ್. ಗುರುವಾರ. ಹೊರಗೆ ಮೊದಲ ಹಿಮ.
ನಾನು ಬಿಚ್ಚಿದೆ: ಆಟೀನ್ ರಾಜ, ಆಟೀನ್ ಒಂಬತ್ತು, ಇಸ್ಪೀಟ್ ನಾಲ್ಕು.
ಆಮೇಲೆ ಆಟೀನ್ ಎರಡು.
ಟೈರ್ ಅಂಗಡಿಯ ಮುದುಕ ಆರ್ವಲ್,
ವರ್ಷಕ್ಕೊಮ್ಮೆಯೂ ಹುಸಿ ಆಡದವನು,
ಇದ್ದ ಬಿಲ್ಲೆಯನ್ನೆಲ್ಲ ಮುಂದೆ ತಳ್ಳಿದ.
ಮೈಟೆ ತನ್ನ ಎಲೆಗಳ ಬೆನ್ನನ್ನೇ ನೋಡುತ್ತ ಕೂತಳು.
ಯಾರದೋ ಲೋಟದಲ್ಲಿ ಐಸು ಜಾರಿತು.
ಎರಡನ್ನೂ ಬೋರಲು ನನ್ನ ಕಡೆ ಸರಿಸಿದಳು.
ಯಾರೂ ಏನೂ ಅನ್ನಲಿಲ್ಲ.
ಬಿಟ್ಟದ್ದಕ್ಕೆ ಚಪ್ಪಾಳೆ ತಟ್ಟುವ ಪದ್ಧತಿ ಎಲ್ಲಿದೆ?

ರಾತ್ರಿ ಎರಡಕ್ಕೆ ಕಾರಿನ ಗಾಜಿನ ಹಿಮ ಕೆರೆಯುತ್ತ ಕೇಳಿದಳು:
"ಎರಡು ರಾಣಿ ಇದ್ದರು ವರ್ಲೀನ್, ಇಬ್ಬರೂ ಕಪ್ಪು.
ಅವನ ಹತ್ತಿರ ಇತ್ತಾ?"
ಬೋರಲೆಲೆ ನಾನು ನೋಡಲ್ಲ ಅಂದೆ.
ನಿಜ ಹೇಳಬೇಕೆಂದರೆ, ಬಾಚುವಾಗ ಒಂದರ ಅಂಚು ಎದ್ದಿತ್ತು.
ಕೆಂಪು.
ಕೆಂಪೆಂದರೆ ಆಟೀನೂ ಆಗಬಹುದು, ಡೈಮನ್ನೂ ಆಗಬಹುದು.
ಅವಳ ಹಿಂದೆ ಬೇಲಿಯ ಮರ ಇನ್ನೂ ಎಲೆ ಹೊತ್ತು ನಿಂತಿತ್ತು.
ಹೊತ್ತಿಗೆ ಎಲೆ ಬಿಡಲಾರದ ಮರ
ಮೊದಲ ಹಿಮಕ್ಕೇ ಕೊಂಬೆ ಮುರಿಸಿಕೊಳ್ಳುತ್ತದೆ.
ಅದನ್ನೂ ಹೇಳಲಿಲ್ಲ. ಅವಳ ಕೈ ತಣ್ಣಗಾಗಿತ್ತು,
ಗಾಜು ಇನ್ನೂ ಅರ್ಧ ಉಳಿದಿತ್ತು.

ಫೆಬ್ರವರಿಯಲ್ಲಿ ಒಟ್ಟು ಕೂಡಿಸಿದಳು, ನನ್ನೆದುರೇ, ಬೆರಳು ಮಡಚಿ.
ಇನ್ನೂರ ಆರು ಗಂಟೆ.
ಲಾಭ ಮುನ್ನೂರ ಹನ್ನೆರಡು ಡಾಲರ್.
"ಗಂಟೆಗೆ ಒಂದೂವರೆ!
ಅಡುಗೆಮನೆಯಲ್ಲಿ ಮೊಟ್ಟೆ ಹುರಿಯುವ ಹುಡುಗ
ನನಗಿಂತ ಸಾಹುಕಾರ!"
ಎಷ್ಟು ನಕ್ಕಳೆಂದರೆ ಡುವೇನ್ ಕೂಡ ತಿರುಗಿ ನೋಡಿದ.
ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿ
"ಹಂಚು" ಅಂದಳು.

ಹಂಚಿದೆ. ನೋಡಿದಳು, ಬಿಟ್ಟಳು.
ಹಂಚಿದೆ. ಬಿಟ್ಟಳು.
ನಲವತ್ತು ನಿಮಿಷ ಒಂದು ಬಿಲ್ಲೆಯನ್ನೂ ತಾನಾಗಿ ಮುಂದೆ ಇಡಲಿಲ್ಲ.
ಸೋಡಾದ ಗಾಳಿಯೆಲ್ಲ ಹೋಯಿತು.
ಹೊರಗೆ ಗಣಿಯ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟಿತು,
ಇವತ್ತು ಅವಳಿಗೆ ರಜೆ.
ಹಂಚಿದೆ.
ಹೆಬ್ಬೆಟ್ಟು ಹೇಳುತ್ತಿತ್ತು,
ಇನ್ನೂ ಚಳಿ ಇದೆ.