ಏಳಾಣೆ ಬಾಕಿ

ಬುಧವಾರ, ಭಾನುವಾರ
ಪುಣೆಯ ಜುನಾ ಬಜಾರಿನಲ್ಲಿ
ತುಕ್ಕು ಹಿಡಿದ ಬೀಗ, ದನಿ ಸತ್ತ ರೇಡಿಯೊ,
ಒಂಟಿ ಬೂಟುಗಳ ನಡುವೆ
ಗೋಣಿತಟ್ಟಿನ ಒಂದು ಮೂಲೆ ನನ್ನದು.
ಮಾರುವುದಿಲ್ಲ ನಾನು, ಗುರುತು ಹೇಳುತ್ತೇನೆ.
ಒಂದು ಬಿಲ್ಲೆಗೆ ಒಂದು ಕಟಿಂಗ್ ಚಹಾ.

ಖಡಕಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ತೋಟೆಗಳ ಬುಡ ನೋಡಿ ಸವೆದ ಕಣ್ಣು ಇದು.
ಹಿತ್ತಾಳೆ ಸುಳ್ಳು ಹೇಳಿದರೆ
ಹಲ್ಲಿನ ಬುಡಕ್ಕೇ ಗೊತ್ತಾಗುತ್ತದೆ.

ಮೊದಲು ಕಿರೀಟ ನೋಡಬೇಕು.
ಕಮಾನು ನಡುವೆ ತಗ್ಗಿದ್ದರೆ ರಾಣಿ,
ಗುಮ್ಮಟದ ಹಾಗೆ ಉಬ್ಬಿದ್ದರೆ ರಾಜ.
ಎರಡನೆಯ ರಾಣಿಯದೂ ತಗ್ಗೇ, ಆದರೆ
ಅಷ್ಟು ಹೊತ್ತಿಗೆ ಇಲ್ಲಿ
ತಲೆಗಳೂ ಬೇರೆ, ಟೋಪಿಗಳೂ ಬೇರೆ.
ಆಮೇಲೆ ತಿರುವಬೇಕು:
ತಂತಿಯ ಕಿವಿಯೋ, ಉದ್ದ ನಾಲಗೆಯೋ?
ಅಚ್ಚೊತ್ತಿದ್ದಾದರೆ ಮುಖದ ಉಬ್ಬೆಲ್ಲ
ಬೆನ್ನಿನಲ್ಲಿ ಹಳ್ಳವಾಗಿರುತ್ತದೆ.
ಬೆನ್ನು ಬೋಳಾಗಿ, ಮರಳಿನ ಹುರುಪು ಕಂಡರೆ
ಹೋದ ದೀಪಾವಳಿಗೆ ಎರಕ ಹೊಯ್ದು
ಉಪ್ಪುನೀರಿನಲ್ಲಿ ಮುಪ್ಪು ಕಲಿಸಿದ್ದು.
ಅಂಥದನ್ನು ತಂದವರಿಗೂ ನಿಜ ಹೇಳುತ್ತೇನೆ.
ಅವತ್ತು ಚಹಾ ಬರುವುದಿಲ್ಲ.

ಘೋರಪಡಿಯಿಂದ ಮಡಿವಾಳರ ಶೇಕವ್ವ ಬಂದಳು
ಮೊಮ್ಮಗನ ಸ್ಕೂಟರಿನ ಹಿಂದೆ ಕೂತು.
ಸೆರಗಿನ ಗಂಟು ಬಿಚ್ಚಿದರೆ
ಅಂಗೈಯಗಲ ಬೆಳಕು, ಅದರಲ್ಲಿ ಒಂದು ತುತ್ತೂರಿ.

ನಾನು ಶುರು ಮಾಡಿದೆ:
ತುತ್ತೂರಿ ಅಂದರೆ ಹಗುರ ಕಾಲಾಳು ಪಡೆ,
ಉಬ್ಬುಗಿರೀಟ, ಆದ್ದರಿಂದ ರಾಜನ ಕಾಲ,
ದಾರದ ಗಂಟು ನುಣ್ಣಗಾಗಿದೆ, ಅಲ್ಲಿ
ದಿನ ಬೆಳಗಾದರೆ ತಿಕ್ಕಿದ ಒಂದು ಹೆಬ್ಬೆರಳಿದೆ.
ಅಸಲಿ, ಎಂದೆ.
ಮೊಮ್ಮಗನ ಕಣ್ಣು ಅರಳಿತು.

ಬೆನ್ನಿನ ಮೇಲೆ ಮಾತ್ರ
ಮೊಳೆಯಲ್ಲಿ ಗೀಚಿದ ಮೂರು ಚುಕ್ಕಿ, ಒಂದು ಓರೆಗೆರೆ.
ನನ್ನ ಯಾವ ಪಟ್ಟಿಯಲ್ಲೂ ಇಲ್ಲದ್ದು.
ಇದೊಂದು ಊನ, ಬೆಲೆ ತುಸು ಇಳಿಯುತ್ತದೆ, ಎಂದೆ.

ಶೇಕವ್ವ ನನ್ನ ಭೂತಗನ್ನಡಿ ಆಚೆ ಸರಿಸಿದಳು.
"ಊನ ಅಲ್ಲೋ ತಮ್ಮಾ, ಅದ ಗುರ್ತು.
ಮೂರು ಚುಕ್ಕಿ ಅಂದ್ರ ಮೂರನೇ ಬರಾಕು,
ಓರೆಗೆರಿ ಅಂದ್ರ ಕಿಟಕಿ ಕಡೆ ಮಂಚ.
ನಮ್ಮ ಮಾವನ ಅಪ್ಪ ಕರಿಗೇರಿನ ರಸದಾಗ
ಅಂಗಿ ಕಾಲರಿಗೆ ಹಾಕತಿದ್ದ."

ಆ ಸೋಲ್ಜರನ ಹೆಸರು?

"ಹೆಸರು ಒಗೀತಾರೇನೋ? ಅಂಗಿ ಒಗೀತಾರ.
ಅವನ ತೋಳಿನ ತುದಿಗೆ ಯಾವಾಗ್ಲೂ ಮಸಿ ಅಂತ,
ಕಾಗದ ಭಾಳ ಬರೀತಿದ್ದ, ಯಾರಿಗೋ ಏನೋ.
ಎರಡು ತಿಂಗಳ ಒಗ್ಯಾಣ, ಏಳಾಣೆ ಬಾಕಿ.
ಮುಂಬೈ ಗಾಡಿ ಹತ್ತೋ ನಸುಕಿನ್ಯಾಗ
ಟೋಪಿಯಿಂದ ಕಿತ್ತು ಕೊಟ್ಟು ಹೋದ,
ತಿರುಗಿ ಬಂದು ಬಿಡಿಸಿಕೊಳ್ತೀನಿ ಅಂತ."

ನಾನು ಸುಮ್ಮನಾದೆ.
ಬಿಲ್ಲೆಯಿಲ್ಲದ ಟೋಪಿ ತೊಟ್ಟು
ಸಾಲಿನಲ್ಲಿ ನಿಂತವನಿಗೆ ಬೀಳುವ ದಂಡ
ಏಳಾಣೆಗಿಂತ ದೊಡ್ಡದು. ಅದನ್ನು ಅರಿತೂ
ಕಿತ್ತು ಕೊಟ್ಟಿದ್ದ.
ಇಷ್ಟು ವರ್ಷ ಲೋಹ ನೋಡಿದ ನಾನು
ಸಾಲಗಾರನ ಮುಖವನ್ನು ನೋಡಿದ್ದು ಇದೇ ಮೊದಲು.

"ಹಂಗಾದ್ರ ಎಷ್ಟು ಬಂದೀತು?"
ಮೊಮ್ಮಗ ಕೇಳಿದ, ನನ್ನನ್ನೇ ನೋಡುತ್ತ.
ಅಜ್ಜಿ ಆಗಲೇ ಗಂಟು ಹಾಕುತ್ತಿದ್ದಳು.
"ಒತ್ತಿ ಇಟ್ಟದ್ದ ಮಾರಬಾರದಪ್ಪಾ.
ಖರೇದ ಹೌದೋ ಅಲ್ಲೋ ತಿಳೀಬೇಕಿತ್ತು, ತಿಳೀತು.
ನಾಳೆ ಅವನ ಕಡೆಯಾವರು ಯಾರಾರ ಬಂದ್ರ?"

ನೋಟುಬುಕ್ಕು ತೆಗೆದೆ.
ಪಡೆ, ಕಾಲ, ಲೋಹ, ಸವಕಳಿ.
ಅಂಚಿನಲ್ಲಿ ಜಾಗವಿರಲಿಲ್ಲ,
ಪೆನ್ಸಿಲಿನಿಂದ ಅಡ್ಡಡ್ಡ ಬರೆದೆ:
ಮೂರನೇ ಬರಾಕು, ಕಿಟಕಿ ಕಡೆ ಮಂಚ, ಏಳಾಣೆ.
"ಊನ" ಎಂದು ಬರೆದದ್ದನ್ನು ಹೊಡೆದು ಹಾಕಿದೆ.

ಗುರುತು ಹೇಳಿದವರಿಗೆ ಚಹಾ, ಅದು ನೇಮ.
ಅವತ್ತು ದುಡ್ಡು ನಾನು ಕೊಟ್ಟೆ.
ಬಸಿಗೆ ಸುರಿದುಕೊಂಡು, ಊದಿ,
ಸಕ್ಕರಿ ಕಮ್ಮಿ ಆತು ಎಂದಳು ಶೇಕವ್ವ.