ಸೆಕೆಂಡಿಗೆ ಒಂಬತ್ತು ಲಕ್ಷ

ನನ್ನ ಕಡೆ ಎರಡೇ ಪೆಡಲು:
ಒಂದು ಕ್ಲಚ್ಚು, ಒಂದು ಬ್ರೇಕು.
ಮೂವತ್ತೊಂದು ವರ್ಷ ಎಡಗಡೆ ಸೀಟಿನಲ್ಲಿ ಕೂತು
ದಾವಣಗೆರೆಗೆ ನಾನು ಕಲಿಸಿದ್ದು
ನಿಲ್ಲುವುದನ್ನ.
ಹೋಗುವ ಪೆಡಲು ಯಾವಾಗಲೂ
ಪಕ್ಕದವರ ಕಾಲ ಕೆಳಗೆ.

ಮೊನ್ನೆ ಭಾನುವಾರ ಶಬೀನಾ ಬಂದಳು.
ಈಗ ಹಲ್ಲಿನ ಡಾಕ್ಟರು; ಆಗ
ಆರ್‌ಟಿಓ ಮೈದಾನದ ಎಂಟರಲ್ಲಿ
ಮೂರು ಸಲ ಇಂಜಿನ್ ಆಫ್ ಮಾಡಿ
ಅಳುತ್ತಲೇ ಕಬ್ಬಿನ ಹಾಲು ಕುಡಿದ ಹುಡುಗಿ.
ಬೂದಿಬಣ್ಣದ ಕಾರು, ಸದ್ದೇ ಇಲ್ಲ,
ಬೆಕ್ಕು ಅಡುಗೆಮನೆಗೆ ಬಂದ ಹಾಗೆ
ಗೇಟಿನೊಳಗೆ ಬಂತು.
‘ಸರ್, ಇವತ್ತು ನೀವು ಬಲಗಡೆ ಕೂಡ್ರಿ’ ಅಂದಳು.

ಆನಗೋಡು ದಾಟಿದ ಮೇಲೆ ಹೈವೇ ಖಾಲಿ.
‘ಈಗ ಒತ್ರಿ.’
ಒತ್ತಿದೆ.
ಮೈ ಹಿಂದೆ ಉಳಿಯಿತು, ಕಣ್ಣು ಮುಂದೆ ಹೋಯಿತು,
ಜೇಬಿನ ಪೆನ್ನು ಎದೆಗೆ ಅವುಚಿಕೊಂಡಿತು,
ಟೊಮೆಟೊ ತುಂಬಿದ ಲಾರಿ ಕನ್ನಡಿಯೊಳಗೆ
ಬೆಂಕಿಪೊಟ್ಟಣವಾಯಿತು.
ಒಂದು ಕೂಗು ಕೇಳಿಸಿತು.
ಅದು ನನ್ನದೇ ಎಂದು ಗೊತ್ತಾಗಲು
ಭರಮಸಾಗರ ಬರಬೇಕಾಯಿತು.
ಎಡಕ್ಕೆ ನೋಡಿದರೆ ಶಬೀನಾಳ ಕಾಲು
ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು
ಯಾರ ಅವಸರವೂ ತಮ್ಮದಲ್ಲವೆಂಬಂತೆ ತಿರುಗುತ್ತಿದ್ದವು.
‘ಕಾಲು ತೆಗೀರಿ ಸರ್, ತಾನೇ ನಿಲ್ತತಿ.
ನಿಲ್ಲಿಸಿದ್ದು ದಂಡ ಆಗಲ್ಲ,
ಬ್ಯಾಟರಿಗೆ ವಾಪಸ್ ಜಮಾ ಆಕತಿ.’
ಜಮಾ?
ಪಿ.ಬಿ. ರೋಡಿನಲ್ಲಿ, ಜಯದೇವ ಸರ್ಕಲ್ಲಿನಲ್ಲಿ,
ಎಮ್ಮೆಗೆ, ಆಟೋಗೆ,
ಚೆಂಡಿನ ಹಿಂದೆ ಓಡಿಬಂದ ಕೂಸಿಗೆ
ನಾನು ಹಿಡಿದ ಬ್ರೇಕುಗಳೆಲ್ಲ
ಕಾದು, ಸವೆದು, ಕರಿ ಪುಡಿಯಾಗಿ
ಚಕ್ರದೊಳಗೇ ಉಳಿದವು.
ಅವಕ್ಕೆ ಯಾರೂ ಪಾಸ್‌ಬುಕ್ ಕೊಡಲಿಲ್ಲ.

ಸರ್ವಮಂಗಳ ಎಲ್‌ಎಲ್‌ಆರ್ ಅರ್ಜಿಯ ಹಿಂಬದಿಗೆ ಲೆಕ್ಕ ಹಾಕಿದಳು.
ಬಾತಿ ಹತ್ತಿರದ ಸೈಟು ಮಾರಿ ಬಂದದ್ದು ಎಪ್ಪತ್ತು.
ಕಾರು, ರೋಡಿಗಿಳಿಯುವಾಗ, ಅರವತ್ತೊಂದು ಮುಕ್ಕಾಲು.
‘ತಲೆಗೆ ಆರೂವರೆ ಸಾವಿರದಂಗ
ಒಂಬೈನೂರ ಐವತ್ತು ಮಂದಿಗೆ ಹಾಫ್ ಕ್ಲಚ್ ಹೇಳಿಕೊಟ್ಟಷ್ಟು.
ಇದರಾಗ ನೋಡಿದ್ರ ಕ್ಲಚ್ಚೇ ಇಲ್ಲಂತ.’
ಆಮೇಲೆ, ಷೋರೂಮಿನ ಹುಡುಗ ತಿಪ್ಪೇಶ
ಬಿಟ್ಟುಹೋದ ಹೊಳಪು ಕಾಗದ ತಿರುವಿದಳು.
‘ಒಂದೇ ಮೋಟಾರಿಂದು ನಲವತ್ಮೂರು ಮುಕ್ಕಾಲು.
ಬಾಡಿ ಅದೇ, ಸೀಟು ಅದೇ.
ನೂರು ಮುಟ್ಟಾಕ ಅದಕ್ಕ ಐದು ಸೆಕೆಂಡು, ಇದಕ್ಕ ಮೂರು.
ಸೆಕೆಂಡಿಗೆ ಒಂಬತ್ತು ಲಕ್ಷ ಬಿತ್ತು!
ಉಳಿಸಿದ ಎರಡು ಸೆಕೆಂಡಿನಾಗ ಏನ್ ಮಾಡ್ತೀರಿ?
ಕನ್ನಡಕ ಒರೆಸ್ಕೊಳ್ಳಾಕೂ ಸಾಲಲ್ಲ.
ಅಶೋಕ ಟಾಕೀಸ್ ಗೇಟ್ ಹಾಕಿದ್ರ
ಮಂಡಕ್ಕಿ ಚೀಲದ ಗಾಡಿ ಹಿಂದ
ಇಪ್ಪತ್ತು ನಿಮಿಷ ನಿಂತೇ ನಿಲ್ತೀರಿ.’

ಅವಳ ಲೆಕ್ಕ ಯಾವತ್ತೂ ತಪ್ಪಿಲ್ಲ.
ಆದರೆ ಉಳಿಸುವ ಮಾತು ನಾನು ಆಡಿದ್ದೆನೆ?
ಖರ್ಚು ಮಾಡಲಿಕ್ಕೆ ಬೇಕಿತ್ತು ಆ ಎರಡು ಸೆಕೆಂಡು.
ಹೇಳಲು ಬರಲಿಲ್ಲ.
ಜೇಬಿನ ಪೆನ್ನು ತೆಗೆದು ತೋರಿಸಿದೆ.
ಪೆನ್ನಿಗೆ ಏನಾಗೈತಿ ಅಂದಳು.
‘ನೀನೂ ಒಮ್ಮೆ ಕೂತು ನೋಡು.’
‘ಕೂತ್ರ ನಾನೂ ಕೆಡ್ತೀನಿ’ ಎಂದು
ಕಾಗದ ಮಡಿಸಿ ಅಕ್ಕಿ ಡಬ್ಬಿಯ ಕೆಳಗಿಟ್ಟಳು.
ಹರಿಯಲಿಲ್ಲ.

ಇವತ್ತು ಬೆಳಿಗ್ಗೆ ಆರೂವರೆ. ಬೇತೂರಿನ ಹೊಸ ಹುಡುಗ,
ಸ್ಟೇರಿಂಗಿಗೆ ನೇತುಬಿದ್ದಿದ್ದಾನೆ.
ಗೇಟು ಎದ್ದಿತು, ಇಂಜಿನ್ ಸತ್ತಿತು,
ಹಿಂದಿನಿಂದ ಊರಿಗೆ ಊರೇ ಹಾರನ್ನು.
‘ಹೆದರಬ್ಯಾಡ, ಮತ್ತ ಹಾಕು,
ಅರ್ಧ ಬಿಡು, ಹ್ಞಾಂ, ಇನ್ನೊಂಚೂರು.’
ನಡುಗುತ್ತ ಹಳಿ ದಾಟಿತು ಹಳೇ ಮಾರುತಿ.

ತಿಪ್ಪೇಶನ ಫೋನು, ಎರಡನೇ ಸಲ. ಎತ್ತಲಿಲ್ಲ.
ನನ್ನ ಬಲಗಾಲು ಬ್ರೇಕಿನ ಪಕ್ಕದಲ್ಲಿ,
ಏನೂ ಇಲ್ಲದ ಜಾಗದಲ್ಲಿ,
ಮ್ಯಾಟನ್ನು ಮೆಲ್ಲಗೆ ಒತ್ತುತ್ತಿತ್ತು.
ಬಗ್ಗಿ ನೋಡಿದೆ.
ಅಲ್ಲಿ ಮ್ಯಾಟು ಸವೆದು ತೂತಾಗಿದೆ,
ಎಷ್ಟು ವರ್ಷದಿಂದಲೋ.